ನಮಗಾಗಿ ಕುಣಿಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಮನಸ್ಸಿನ ಆರೋಗ್ಯಕ್ಕೆ ದಿನಾ ಸ್ವಲ್ಪ ಕುಣಿಯಿರಿ ಅಂತ ಹೇಳಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಇವು. ಕೆಲವು ಮಾತಿನ ನಡುವೆ ಬಂದವು, ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿ ಕುಣಿತ ಅಂದರೆ ನಿಮಗಾಗಿ ನೀವು ಕುಣಿಯುವ ಕುಣಿತ. ನೋಡುವವರು ಇರಲೇಬೇಕಿಲ್ಲ, ಚೆನ್ನಾಗಿ ಕಾಣಬೇಕು ಅನ್ನುವ ಹೊರೆಯೂ ಇಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

## ಶುರು ಮಾಡುವ ಮೊದಲು

ನನಗೆ ಕುಣಿಯೋಕೇ ಬರಲ್ಲ. ನನ್ನಂಥವರಿಗೂ ಇದು ಆಗುತ್ತಾ?

ಆಗುತ್ತದೆ. ಈ ಪ್ರಶ್ನೆ ಕೇಳುವ ಎಷ್ಟೋ ಜನ, ಯಾವತ್ತೋ ಯಾರೋ ನಕ್ಕಿದ್ದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಒಂದು ನಗುವಿಗೆ ಹೆದರಿ ಜೀವನಪೂರ್ತಿ ಮೈ ಬಿಗಿದುಕೊಂಡು ಇರೋದು ತೀರಾ ದುಬಾರಿ ಅಲ್ವಾ?

ಚೆನ್ನಾಗಿ ಕುಣಿಯುವುದು ಒಂದು ಕಲೆ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಆದರೆ ನಿಮ್ಮ ಹೆಜ್ಜೆ ಅಂದವಾಗಿದೆಯೋ ಇಲ್ಲವೋ ಅನ್ನುವುದು ನಿಮ್ಮ ಹೃದಯಕ್ಕಾಗಲಿ ಶ್ವಾಸಕೋಶಕ್ಕಾಗಲಿ ಗೊತ್ತಾಗುವುದಿಲ್ಲ. ಮೈ ಎಷ್ಟು ಜೋರಾಗಿ ಆಡಿತು, ಎಷ್ಟು ಹೊತ್ತು ಆಡಿತು ಅನ್ನುವುದಷ್ಟೇ ಅವುಗಳ ಲೆಕ್ಕ.

ತಾಳಕ್ಕೆ ಹೆಜ್ಜೆ ಯಾವಾಗ್ಲೂ ತಪ್ಪುತ್ತೆ. ನನಗೆ ಲಯವೇ ಇಲ್ವಾ?

ಲಯ ಗೊತ್ತೇ ಆಗದವರು ತೀರಾ ವಿರಳ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹುಟ್ಟಿ ಎರಡು ಮೂರು ದಿನವಾದ ಕೂಸುಗಳು ಮಲಗಿದ್ದಾಗ ಡ್ರಮ್ಮಿನ ತಾಳ ಕೇಳಿಸಿದರು. ನಡುನಡುವೆ ಮುಖ್ಯವಾದ ಪೆಟ್ಟೊಂದನ್ನು ಬೇಕಂತಲೇ ಬಿಟ್ಟರು. ಪೆಟ್ಟು ತಪ್ಪಿದ ಕಡೆಯಲ್ಲೆಲ್ಲ ಕೂಸಿನ ಮೆದುಳು ಅದನ್ನು ಗುರುತಿಸಿತು. ಅಂದರೆ ತಾಳದ ಅರಿವು ಹುಟ್ಟುವಾಗಲೇ ನಮ್ಮ ಜೊತೆ ಬಂದಿರುತ್ತದೆ.

ಕಿವಿಗೆ ಸಿಕ್ಕ ತಾಳ ಕಾಲಿಗೆ ಇಳಿಯುವುದಕ್ಕೆ ಮಾತ್ರ ಅಭ್ಯಾಸ ಬೇಕು. ನಿಧಾನದ ಹಾಡೊಂದನ್ನು ಹಾಕಿ ಸುಮ್ನೆ ಕೂತು ತೊಡೆ ತಟ್ಟಿ. ಅದು ಹಿಡಿತಕ್ಕೆ ಬಂದ ಮೇಲೆ ಎದ್ದು ನಿಂತು ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಿ. ಪ್ರತಿ ಪೆಟ್ಟಿಗೂ ಹೆಜ್ಜೆ ಹಾಕುವ ಆತುರ ಬೇಡ, ಎರಡು ಪೆಟ್ಟಿಗೆ ಒಂದು ಹೆಜ್ಜೆ ಸಾಕು. ಕೈಯನ್ನು ಆಮೇಲೆ ಸೇರಿಸಿ. ಕೈಕಾಲು ಎರಡನ್ನೂ ಒಟ್ಟಿಗೆ ಶುರು ಮಾಡುವವರಿಗೇ ತಾಳ ಜಾಸ್ತಿ ತಪ್ಪುತ್ತದೆ.

ಇದು ನಿಜವಾಗ್ಲೂ ವ್ಯಾಯಾಮನಾ? ವಾರಕ್ಕೆ ಎಷ್ಟು ಹೊತ್ತು ಕುಣೀಬೇಕು?

ಏದುಸಿರು ಬರುವಷ್ಟು ಕುಣಿದರೆ ಪೂರ್ತಿ ವ್ಯಾಯಾಮವೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಜೋರಾದ ಚಟುವಟಿಕೆ ಆದರೆ 75ರಿಂದ 150 ನಿಮಿಷ ಸಾಕು. ಇದರ ಜೊತೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು. ಕುಣಿತ ಮೊದಲನೆಯದನ್ನು ಚೆನ್ನಾಗಿ ತುಂಬುತ್ತದೆ. ತೋಳು, ಬೆನ್ನಿನ ಬಲಕ್ಕೆ ಬೇರೆ ಏನಾದರೂ ಮಾಡಲೇಬೇಕು.

ಮಧ್ಯಮ ಅಂದರೆ ಎಷ್ಟು ಅಂತ ತಿಳಿಯಲು ಯಂತ್ರ ಬೇಡ. ಕುಣಿಯುತ್ತಲೇ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಹಾಡೋಕೂ ಆಗುತ್ತಿದೆ ಅಂದರೆ ಸ್ವಲ್ಪ ಜೋರು ಮಾಡಿ. ನಾಲ್ಕು ಮಾತು ಆಡುವಷ್ಟರಲ್ಲೇ ಉಸಿರು ಕಟ್ಟಿದರೆ ಅದು ಜೋರಿನ ಲೆಕ್ಕಕ್ಕೆ ಹೋಯಿತು.

ಈ ಏದುಸಿರಿನ ಮಾತು ಯಾಕೆ ಮುಖ್ಯ ಅಂದರೆ, ಬ್ರಿಟನ್ನಿನಲ್ಲಿ 40 ದಾಟಿದ 48,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2016ರಲ್ಲಿ ಒಂದು ವರದಿ ಬಂತು. ಮಧ್ಯಮ ಮಟ್ಟದಲ್ಲಿ ಕುಣಿಯುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವವರು ಕಡಿಮೆ ಇದ್ದರು. ಹಗುರವಾಗಿ ಕುಣಿಯುವವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಕುಣಿತದಿಂದಲೇ ಹಾಗಾಯಿತು ಅಂತ ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ, ಅದನ್ನೂ ನೆನಪಿಡಿ. ಆದರೂ ವಾರದಲ್ಲಿ ಕೆಲವು ಸಲವಾದರೂ ಬೆವರು ಬರಲಿ ಅನ್ನುವುದು ನನ್ನ ಒತ್ತಾಯ.

ದಿನಾ ವಾಕಿಂಗ್ ಹೋಗ್ತೀನಿ. ಕುಣಿತ ಯಾಕೆ ಬೇಕು?

ವಾಕಿಂಗ್ ಖುಷಿ ಕೊಡುತ್ತಿದ್ದರೆ ಬಿಡಬೇಡಿ. ಅದರಲ್ಲಿ ಇಲ್ಲದ ಕೆಲವು ಸಂಗತಿ ಕುಣಿತದಲ್ಲಿ ಇವೆ. ನಡೆಯುವಾಗ ಮೈ ಮುಂದಕ್ಕೆ ಮಾತ್ರ ಹೋಗುತ್ತದೆ. ಕುಣಿಯುವಾಗ ಪಕ್ಕಕ್ಕೆ, ಹಿಂದಕ್ಕೆ ಹೋಗುತ್ತದೆ, ತಿರುಗುತ್ತದೆ, ಬಗ್ಗುತ್ತದೆ. ನಡೆಯುತ್ತಾ ನಾಳೆಯ ಚಿಂತೆ ಮಾಡಬಹುದು. ಹೊಸ ಹೆಜ್ಜೆ ಹಾಕುತ್ತಾ ಚಿಂತೆ ಮಾಡೋಕೆ ಹೋದರೆ ಹೆಜ್ಜೆಯೇ ತಪ್ಪುತ್ತದೆ.

ತೂಕ ಇಳಿಯುತ್ತಾ?

ಬರೀ ಕುಣಿತದಿಂದ ಜಾಸ್ತಿ ಇಳಿಯುವುದಿಲ್ಲ. ತೂಕದಲ್ಲಿ ಊಟದ ಪಾತ್ರ ದೊಡ್ಡದು. ಆದರೆ ತೂಕ ಒಂದು ಕಿಲೋ ಇಳಿಯದಿದ್ದರೂ ಬಿಪಿ, ಶುಗರ್, ನಿದ್ದೆ, ದಮ್ಮು ಸುಧಾರಿಸಬಹುದು. ತೂಕದ ಯಂತ್ರ ನೋಡಿಕೊಂಡು ಕುಣಿಯುವವರು ಬೇಗ ಬೇಸತ್ತು ಬಿಟ್ಟುಬಿಡುತ್ತಾರೆ. ಅದಕ್ಕೇ ಇದನ್ನು ತೂಕಕ್ಕೆ ಗಂಟು ಹಾಕಬೇಡಿ ಅಂತ ನಾನು ಹೇಳುವುದು.

ಯಾವ ಥರದ ನೃತ್ಯ ಒಳ್ಳೇದು? ಎಂಥ ಹಾಡು ಹಾಕ್ಕೊಳ್ಲಿ?

ಶಾಸ್ತ್ರೀಯ, ಜನಪದ, ಜುಂಬಾ, ಜೋಡಿ ನೃತ್ಯ, ಯಾವ ಕಟ್ಟೂ ಇಲ್ಲದ ಕುಣಿತ, ಯಾವುದಾದರೂ ಸರಿ. ಮುಂದಿನ ವಾರವೂ ಮಾಡಬೇಕು ಅನಿಸುವ ನೃತ್ಯವೇ ನಿಮಗೆ ಒಳ್ಳೆಯದು. ಹಾಡಿನ ವಿಷಯದಲ್ಲಿ ಒಂದು ಅಂಕಿ ನೆನಪಿಡಬಹುದು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕಿದರೆ ಹೆಚ್ಚಿನವರಿಗೆ ಅದು ಮಧ್ಯಮ ಮಟ್ಟದ ಚಟುವಟಿಕೆ. ಆದ್ದರಿಂದ ನಿಮಿಷಕ್ಕೆ 100ರಿಂದ 120 ಪೆಟ್ಟು ಇರುವ ಹಾಡು ಹೊಸಬರಿಗೆ ಚೆನ್ನಾಗಿ ಹೊಂದುತ್ತದೆ. ಮೊದಲ ಹಾಡು ಇದಕ್ಕಿಂತ ನಿಧಾನ ಇರಲಿ, ಕೊನೆಯದು ಇನ್ನೂ ನಿಧಾನ ಇರಲಿ.

ಸೌಂಡ್ ಮಾತ್ರ ಮಿತಿಯಲ್ಲಿರಲಿ. ಒಂದು ಕೈ ಅಳತೆಯ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕು ಅಂದರೆ ಅದು ಕಿವಿಗೆ ಜಾಸ್ತಿ ಆಯಿತು.

## ಮನೆಯಲ್ಲಿ ಕುಣಿಯುವಾಗ

ಕೋಣೆಯಲ್ಲಿ ಒಬ್ಬಳೇ ನಿಂತಾಗ ಏನು ಮಾಡ್ಬೇಕು ಅಂತಾನೇ ತೋಚಲ್ಲ. ಎಲ್ಲಿಂದ ಶುರು ಮಾಡ್ಲಿ?

ಹಾಡು ಹಾಕಿದ ತಕ್ಷಣ ಕುಣಿಯಲೇಬೇಕು ಅಂದುಕೊಂಡರೆ ಮೈ ಹಿಡಿದುಕೊಳ್ಳುತ್ತದೆ. ಮೊದಲ ಹಾಡಿಗೆ ಬರೀ ನಿಂತು ತೂಗಾಡಿ. ಪಾದ ಎರಡೂ ನೆಲದ ಮೇಲೇ ಇರಲಿ. ಭಾರ ಎಡಕ್ಕೆ, ಬಲಕ್ಕೆ. ಭುಜ ಸುತ್ತಿಸಿ. ಕುತ್ತಿಗೆಯನ್ನು ಅತ್ತಿತ್ತ ತಿರುಗಿಸಿ, ಗಿರ್ರನೆ ಸುತ್ತಿಸಬೇಡಿ. ಸೊಂಟ ಸಡಿಲ ಬಿಡಿ. ಇಷ್ಟರಲ್ಲಿ ಐದು ನಿಮಿಷ ಆಗುತ್ತದೆ, ಮೈ ಬೆಚ್ಚಗಾಗುತ್ತದೆ. ವಾರ್ಮ್‌ಅಪ್ ಅಂದರೆ ಇದೇ.

ಎರಡನೇ ಹಾಡಿಗೆ ಒಂದೇ ಒಂದು ಹೆಜ್ಜೆ ಆರಿಸಿಕೊಳ್ಳಿ. ಪಕ್ಕಕ್ಕೆ ಒಂದು ಹೆಜ್ಜೆ, ಕಾಲು ಜೋಡಿಸು, ವಾಪಸ್ಸು. ಹಾಡು ಮುಗಿಯುವವರೆಗೂ ಅದನ್ನೇ ಮಾಡಿ. ಬೇಜಾರಾದರೆ ಹೆಜ್ಜೆ ಬದಲಿಸಬೇಡಿ, ಅದೇ ಹೆಜ್ಜೆಯನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕೈ ಸೇರಿಸಿ, ದಿಕ್ಕು ಬದಲಿಸಿ. ಒಂದೇ ಹೆಜ್ಜೆಯಲ್ಲಿ ಎಷ್ಟೊಂದು ಬಗೆ ಇದೆ ಅಂತ ಆಗ ಕಾಣುತ್ತದೆ.

ಮೂರನೆಯದು ನಿಮಗೆ ಪ್ರೀತಿಯ ಹಾಡು ಇರಲಿ. ಅದಕ್ಕೆ ಯಾವ ನಿಯಮವೂ ಇಲ್ಲ. ಕಣ್ಣು ಮುಚ್ಚಿಕೊಳ್ಳಬೇಕು ಅನಿಸಿದರೆ ಮೊದಲು ಸುತ್ತಲಿನ ಕುರ್ಚಿ, ಮೇಜು ಸರಿಸಿ. ಕೊನೆಗೆ ನಿಧಾನದ ಹಾಡಿಗೆ ನಡೆದಾಡಿ, ಮೀನಖಂಡ ಮತ್ತು ತೊಡೆಯನ್ನು ನಿಧಾನವಾಗಿ ಹಿಗ್ಗಿಸಿ. ಎಲ್ಲಾ ಸೇರಿ ಹದಿನೈದು ನಿಮಿಷ. ಮೊದಲ ತಿಂಗಳು ಇದಕ್ಕಿಂತ ಜಾಸ್ತಿ ಬೇಡವೇ ಬೇಡ.

ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಕುಣಿದ್ರೆ ತೊಂದರೆನಾ?

ನಿಧಾನದ ಕುಣಿತಕ್ಕೆ ತೊಂದರೆ ಇಲ್ಲ. ಜಿಗಿತಕ್ಕೆ ತೊಂದರೆ ಇದೆ. ಟೈಲ್ಸಾಗಲಿ ಕಾಂಕ್ರೀಟಾಗಲಿ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ, ಎಲ್ಲವೂ ಹಿಮ್ಮಡಿ, ಮೊಣಕಾಲಿಗೆ ವಾಪಸ್ಸು ಬರುತ್ತದೆ. ನೃತ್ಯಶಾಲೆಗಳಲ್ಲಿ ಸ್ವಲ್ಪ ತುಯ್ಯುವ ಮರದ ನೆಲ ಹಾಕಿಸುವುದು ಇದಕ್ಕೇ. ಸಾಕ್ಸ್ ಹಾಕಿಕೊಂಡರೆ ಜಾರುತ್ತದೆ. ದಪ್ಪ ಹಿಡಿತದ ಓಟದ ಶೂ ಹಾಕಿದರೆ ತಿರುಗುವಾಗ ಪಾದ ನೆಲಕ್ಕೆ ಅಂಟಿಕೊಂಡು ಮಂಡಿ ತಿರುಚುತ್ತದೆ. ಅಡಿ ಸ್ವಲ್ಪ ನುಣುಪಾಗಿರುವ ಹಗುರ ಶೂ ಒಳ್ಳೆಯದು. ಬೆವರು ಬಿದ್ದರೆ ಆಗಿಂದಾಗ ಒರೆಸಿ.

ಮನೆಯವರು ನೋಡಿಬಿಟ್ರೆ ಅಂತ ನಾಚಿಕೆ. ಏನು ಮಾಡೋದು?

ಬಾಗಿಲು ಹಾಕಿಕೊಳ್ಳಿ. ಅದರಲ್ಲಿ ಸಣ್ಣತನ ಏನೂ ಇಲ್ಲ. ನಾಚಿಕೆಯನ್ನು ಗೆದ್ದ ಮೇಲೇ ಕುಣಿಯಬೇಕು ಅಂತ ಕಾದರೆ ಆ ದಿನ ಬರುವುದಿಲ್ಲ. ಕನ್ನಡಿ ಇದ್ದರೆ ಬೆನ್ನು ಹಾಕಿ ನಿಲ್ಲಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುವ ಅಭ್ಯಾಸವನ್ನು ಸದ್ಯಕ್ಕೆ ದೂರ ಇಡಿ. ವಿಡಿಯೋ ಆನ್ ಆದ ಕ್ಷಣ ಕೋಣೆಯೊಳಗೆ ಒಬ್ಬ ನೋಡುಗ ಬಂದ ಹಾಗೆ. ಆಮೇಲೆ ಮೈಗೆ ಹೇಗೆ ಅನಿಸುತ್ತಿದೆ ಅನ್ನುವುದನ್ನು ಬಿಟ್ಟು ಹೇಗೆ ಕಾಣುತ್ತಿದೆ ಅನ್ನುವ ಕಡೆಗೇ ಗಮನ ಹೋಗುತ್ತದೆ.

ಮೊದಲ ದಿನ ಖುಷಿಯಾಗಿ ಕುಣಿದೆ. ಮಾರನೇ ದಿನದಿಂದ ಮೆಟ್ಟಿಲು ಇಳಿಯೋಕೂ ಆಗ್ತಿಲ್ಲ. ಏನಾದ್ರೂ ಆಯ್ತಾ?

ಅಭ್ಯಾಸವಿಲ್ಲದ ಸ್ನಾಯು ದುಡಿದಾಗ ಹೀಗಾಗುತ್ತದೆ. ನೋವು ಒಂದರಿಂದ ಮೂರು ದಿನದೊಳಗೆ ಏರಿ, ತಾನಾಗಿ ಇಳಿಯುತ್ತದೆ. ಪೂರ್ತಿ ಮಲಗಬೇಡಿ, ಸುಮ್ನೆ ಓಡಾಡಿಕೊಂಡಿರಿ. ಆದರೆ ನೋವು ಒಂದೇ ಜಾಗದಲ್ಲಿ ಚುಚ್ಚಿದಂತೆ ಇದ್ದರೆ, ಕೀಲು ಊದಿದರೆ, ಕಾಲೂರಲು ಆಗದಿದ್ದರೆ ಅದು ಬೇರೆ. ವೈದ್ಯರಿಗೆ ತೋರಿಸಿ. ಎರಡೂ ತೊಡೆ ಹಿಡಿದುಕೊಳ್ಳುವುದಲ್ಲದೆ ಮೂತ್ರ ಕಪ್ಪುಗಂದಾಗಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಗೊತ್ತಿರಬೇಕು.

ರಾತ್ರಿ ಮಲಗೋ ಮುಂಚೆ ಕುಣಿಯಬಹುದಾ?

ನಿಧಾನದ ಕುಣಿತ ಆದರೆ ಧಾರಾಳವಾಗಿ. ಬೆವರು ಕಿತ್ತುಬರುವಂಥದ್ದನ್ನು ಮಲಗುವುದಕ್ಕೆ ಒಂದೆರಡು ಗಂಟೆ ಮೊದಲೇ ಮುಗಿಸಿ.

## ಮನಸ್ಸಿನ ವಿಷಯ

ಕುಣಿದ ಮೇಲೆ ಮನಸ್ಸು ಹಗುರ ಆಗುತ್ತಲ್ಲ, ಯಾಕೆ?

ಒಂದೇ ಕಾರಣ ಇಲ್ಲ. ಮೈ ದುಡಿದಾಗ ನೋವನ್ನು ತಗ್ಗಿಸುವ, ಹಿತ ಅನಿಸುವ ರಾಸಾಯನಿಕಗಳು ಮೈಯಲ್ಲೇ ಹುಟ್ಟುತ್ತವೆ. ಇದು ಓಟಕ್ಕೂ ಈಜಿಗೂ ಸಲ್ಲುವ ಮಾತು. ಸಂಗೀತ ತನ್ನ ಪಾಡಿಗೆ ತಾನೇ ಮನಸ್ಸನ್ನು ಎತ್ತುತ್ತದೆ. ಇವೆರಡರ ಮೇಲೆ ಗಮನದ ಮಾತು ಬರುತ್ತದೆ. ಕೊರಗುವ ಮನಸ್ಸು ಒಂದೇ ಯೋಚನೆಯನ್ನು ಮೆಲುಕು ಹಾಕುತ್ತಿರುತ್ತದೆ. ಮುಂದಿನ ಹೆಜ್ಜೆ ಯಾವುದು ಅಂತ ಲೆಕ್ಕ ಹಾಕುವಾಗ ಆ ಮೆಲುಕಿಗೆ ಜಾಗ ಸಾಲುವುದಿಲ್ಲ.

ಜೊತೆಗೆ ಕುಣಿಯುವುದರ ಬಗ್ಗೆ 2015ರಲ್ಲಿ ಒಂದು ಒಳ್ಳೆಯ ಪ್ರಯೋಗ ಪ್ರಕಟವಾಯಿತು. ಬ್ರೆಜಿಲ್‌ನ ಹೈಸ್ಕೂಲ್ ಮಕ್ಕಳನ್ನು ಗುಂಪು ಮಾಡಿ ಕುಣಿಸಿದರು. ಕೆಲವು ಗುಂಪುಗಳಿಗೆ ಎಲ್ಲರೂ ಒಟ್ಟಿಗೆ ಹಾಕುವ ಹೆಜ್ಜೆ, ಕೆಲವಕ್ಕೆ ಒಬ್ಬೊಬ್ಬರದು ಬೇರೆ ಬೇರೆ. ಕೆಲವಕ್ಕೆ ಜೋರಿನದು, ಕೆಲವಕ್ಕೆ ಕೂತು ಮಾಡುವ ಹಗುರದ್ದು. ಜೋರಾಗಿ ಕುಣಿದವರಲ್ಲಿ ನೋವು ತಡೆಯುವ ಶಕ್ತಿ ಏರಿತು. ಆಶ್ಚರ್ಯ ಅಂದರೆ, ಎಲ್ಲರೂ ಒಂದೇ ತಾಳಕ್ಕೆ ಒಟ್ಟಿಗೆ ಆಡಿದ್ದರಿಂದಲೂ ಅದು ಪ್ರತ್ಯೇಕವಾಗಿ ಏರಿತು. ಜೊತೆಗಿದ್ದವರ ಮೇಲೆ ಹತ್ತಿರದ ಭಾವನೆಯೂ ಹೆಚ್ಚಿತು. ಒಟ್ಟಿಗೆ ಹೆಜ್ಜೆ ಹಾಕುವುದಕ್ಕೆ ತನ್ನದೇ ಆದ ಶಕ್ತಿ ಇದೆ ಅಂತಾಯಿತು. ಒಂಟಿತನದಿಂದ ನರಳುವವರಿಗೆ ಗುಂಪಿನ ಕುಣಿತ ಹುಡುಕಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಗುರುತಿಲ್ಲದವರ ಜೊತೆ ಮಾತು ಶುರು ಮಾಡೋದು ಕಷ್ಟ. ಹೆಜ್ಜೆಗೆ ಮಾತು ಬೇಕಾಗುವುದಿಲ್ಲ.

ಖಿನ್ನತೆಗೆ ಮಾತ್ರೆ ತಗೋತಿದೀನಿ. ಕುಣಿತ ಶುರು ಮಾಡಿದ್ರೆ ಮಾತ್ರೆ ಬಿಡಬಹುದಾ?

ನೀವಾಗಿ ಬಿಡಬೇಡಿ. ಖಿನ್ನತೆಯ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ ಬರಬಹುದು, ಕಾಯಿಲೆ ಮರುಕಳಿಸಬಹುದು. ಕಡಿಮೆ ಮಾಡುವುದಿದ್ದರೆ ವೈದ್ಯರ ಜೊತೆ ಮಾತಾಡಿ ಹಂತಹಂತವಾಗಿ ಮಾಡಬೇಕು.

ಕುಣಿತವನ್ನು ಚಿಕಿತ್ಸೆಯ ಜೊತೆಗೆ ಸೇರಿಸಿ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಖಿನ್ನತೆ ಮತ್ತು ವ್ಯಾಯಾಮದ ಬಗ್ಗೆ ದೊಡ್ಡ ವಿಶ್ಲೇಷಣೆ ಬಂತು. 218 ಅಧ್ಯಯನಗಳು, 14,000ಕ್ಕೂ ಹೆಚ್ಚು ಜನ. ನಡಿಗೆ, ಓಟ, ಯೋಗ, ತೂಕ ಎತ್ತುವುದು ಎಲ್ಲವೂ ಖಿನ್ನತೆಯನ್ನು ತಗ್ಗಿಸಿದ್ದವು. ನೃತ್ಯದಲ್ಲಿ ಇಳಿಕೆ ತುಂಬ ದೊಡ್ಡದಾಗಿ ಕಂಡಿತು. ಈ ಸುದ್ದಿ ಎಲ್ಲ ಕಡೆ ಹರಡಿತು. ಆದರೆ ನೃತ್ಯದ ಮೇಲೆ ನಡೆದ ಅಧ್ಯಯನಗಳು ಅದರಲ್ಲಿ ಕಡಿಮೆ ಇದ್ದವು ಅನ್ನುವುದು ಅಷ್ಟಾಗಿ ಹರಡಲಿಲ್ಲ. ಭರವಸೆ ಇಡಬಹುದು, ಆದರೆ ಔಷಧಿಗಿಂತ ನೃತ್ಯವೇ ಮೇಲು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬದುಕುವುದೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ, ಇದನ್ನೆಲ್ಲ ಪಕ್ಕಕ್ಕಿಟ್ಟು ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ. ವೈದ್ಯರನ್ನಾಗಲಿ ಸಹಾಯವಾಣಿಯನ್ನಾಗಲಿ ಸಂಪರ್ಕಿಸಿ.

ಹಾಸಿಗೆಯಿಂದ ಏಳೋಕೇ ಆಗದ ದಿನ ಕುಣಿಯೋದು ಹೇಗೆ?

ಆ ದಿನ ಕುಣಿಯಬೇಡಿ. ಮಲಗಿದಲ್ಲೇ ಒಂದು ಹಾಡು ಹಾಕಿ. ಬೆರಳು ತಾಳ ಹಾಕಲಿ, ಪಾದ ಅಲ್ಲಾಡಲಿ. ಅಷ್ಟೂ ಆಗದಿದ್ದರೆ ಹಾಡು ಕೇಳಿದರೆ ಸಾಕು. ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ನಾವು ಕಾಯುತ್ತೇವೆ. ಖಿನ್ನತೆಯಲ್ಲಿ ಎಷ್ಟೋ ಸಲ ಇದು ತಿರುವುಮುರುವು: ಮೈ ಸ್ವಲ್ಪ ಆಡಿದ ಮೇಲೆ ಮನಸ್ಸು ಹಿಂದಿನಿಂದ ಬರುತ್ತದೆ. ಬಾರದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಕುಣಿಯುವಾಗ ಎದೆ ಬಡಿತ ಜಾಸ್ತಿ ಆದ್ರೆ ನನಗೆ ಪ್ಯಾನಿಕ್ ಆಗುತ್ತೆ. ಬಿಟ್ಟುಬಿಡ್ಲಾ?

ಮೊದಲು ಒಮ್ಮೆ ಹೃದಯದ ತಪಾಸಣೆ ಮಾಡಿಸಿ. ಏನೂ ತೊಂದರೆ ಇಲ್ಲ ಅಂತ ತಿಳಿದ ಮೇಲೆ ಬಿಡಬೇಡಿ. ಬಡಿತ ಏರುವುದು, ಬೆವರುವುದು, ಏದುಸಿರು, ಇವೆಲ್ಲ ಪ್ಯಾನಿಕ್‌ನಲ್ಲೂ ಬರುತ್ತವೆ, ಕುಣಿತದಲ್ಲೂ ಬರುತ್ತವೆ. ಮೆದುಳು ಎರಡನ್ನೂ ಒಂದೇ ಅಂತ ತಿಳಿದು ಹೆದರುತ್ತದೆ. ಅರ್ಧ ಹಾಡು ಕುಣಿಯಿರಿ, ನಿಲ್ಲಿ, ಬಡಿತ ತಾನಾಗಿ ಇಳಿಯುವುದನ್ನು ಗಮನಿಸಿ. ಮತ್ತೆ ಅರ್ಧ ಹಾಡು. ಎದೆ ಬಡಿದುಕೊಂಡರೂ ಏನೂ ಆಗಲಿಲ್ಲ ಅನ್ನುವುದನ್ನು ಮೈ ನಿಧಾನಕ್ಕೆ ಕಲಿಯುತ್ತದೆ. ಪ್ಯಾನಿಕ್ ಚಿಕಿತ್ಸೆಯಲ್ಲಿ ಚಿಕಿತ್ಸಕರು ಬೇಕಂತಲೇ ಬಡಿತ ಏರಿಸುವ ಅಭ್ಯಾಸ ಮಾಡಿಸುತ್ತಾರೆ. ಭಯ ತೀವ್ರವಾಗಿದ್ದರೆ ಅಂಥವರ ಜೊತೆಯಲ್ಲೇ ಮಾಡಿ.

ಕುಣಿತಾ ಕುಣಿತಾ ಇದ್ದಕ್ಕಿದ್ದಂತೆ ಅಳು ಬಂತು. ಹೀಗಾಗುತ್ತಾ?

ಆಗುತ್ತದೆ, ಅದರಲ್ಲಿ ಹೆದರುವಂಥದ್ದಿಲ್ಲ. ಹಾಡಿಗೆ ಹಳೆಯ ನೆನಪು ಅಂಟಿರುತ್ತದೆ, ಮೈ ಸಡಿಲವಾದಾಗ ತಡೆದಿಟ್ಟದ್ದು ಹೊರಗೆ ಬರುತ್ತದೆ. ಅತ್ತುಬಿಡಿ. ಮೈ ಕಂಪಿಸಿದರೆ, ಎಲ್ಲಿದ್ದೇನೆ ಅನ್ನುವುದೇ ಮರೆತಂತಾದರೆ ಮಾತ್ರ ಹಾಡು ನಿಲ್ಲಿಸಿ, ಕಣ್ಣು ತೆರೆದು ಸುತ್ತಲಿನ ವಸ್ತುಗಳನ್ನು ನೋಡಿ, ಪಾದವನ್ನು ನೆಲಕ್ಕೆ ಒತ್ತಿ. ಹಿಂದೆ ಹಿಂಸೆ, ಆಘಾತ ಅನುಭವಿಸಿದವರಿಗೆ ಇದು ಪದೇ ಪದೇ ಆದರೆ ಆಪ್ತಸಲಹೆಗಾರರ ನೆರವು ಬೇಕು.

## ವಯಸ್ಸು, ಕಾಯಿಲೆ, ನೋವು

ಮಂಡಿ ನೋವಿದೆ. ಕುಣಿದ್ರೆ ಇನ್ನೂ ಸವೆಯಲ್ವಾ?

ಮಂಡಿಯನ್ನು ಆಡಿಸದೇ ಇಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ. ಆ ಸ್ನಾಯು ಸೊರಗಿದರೆ ಮಂಡಿಯ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ. ಸವೆತದ ಮಂಡಿನೋವಿಗೆ ಹದವಾದ ವ್ಯಾಯಾಮವನ್ನು ವೈದ್ಯರೇ ಹೇಳುತ್ತಾರೆ. ಜಿಗಿತ ಬೇಡ, ಮಂಡಿ ಆಳಕ್ಕೆ ಮಡಚುವುದು ಬೇಡ. ಪಾದ ಊರಿಟ್ಟು ಮೈ ಮಾತ್ರ ತಿರುಗಿಸುವುದಂತೂ ಬೇಡವೇ ಬೇಡ. ತಿರುಗಬೇಕಾದಾಗ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಪಾದವನ್ನೂ ತಿರುಗಿಸಿ.

ಕುಣಿಯುವಾಗ ಸ್ವಲ್ಪ ನೋವಾಗಿ ಮಾರನೇ ದಿನಕ್ಕೆ ಮೊದಲಿನಂತೆ ಆದರೆ ಅಷ್ಟು ಕುಣಿತ ನಿಮ್ಮ ಮಂಡಿಗೆ ಸರಿ. ಮಾರನೇ ದಿನವೂ ಜಾಸ್ತಿ ಇದ್ದರೆ ಮುಂದಿನ ಸಲ ಅರ್ಧ ಮಾಡಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತೆ ಆದರೆ, ಕುಸಿದಂತೆ ಆದರೆ ತೋರಿಸಿಕೊಳ್ಳಿ.

ಬಿಪಿ, ಶುಗರ್ ಎರಡೂ ಇದೆ. ಕುಣಿಯಬಹುದಾ?

ಹತೋಟಿಯಲ್ಲಿದ್ದರೆ ಕುಣಿಯಬಹುದು, ಒಳ್ಳೆಯದೂ ಹೌದು. ಶುರು ಮಾಡುವ ಮೊದಲು ವೈದ್ಯರಿಗೊಮ್ಮೆ ಹೇಳಿ. ಬಿಪಿ ಇರುವವರು ಉಸಿರು ಬಿಗಿಹಿಡಿಯಬಾರದು. ಜೋರಾಗಿ ಕುಣಿದು ಗಕ್ಕನೆ ನಿಲ್ಲಲೂಬಾರದು. ಹಾಗೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಕಣ್ಣು ಕತ್ತಲೆ ಬರಬಹುದು. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ. ಅಂಥವರು ವಾಚಿನ ಲೆಕ್ಕ ನಂಬದೆ ಮಾತಾಡೋಕೆ ಆಗುತ್ತಾ ಅಂತ ನೋಡಿಕೊಳ್ಳುವುದೇ ಸರಿ.

ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಿಗೆ ಕುಣಿಯುವಾಗ, ಕೆಲವೊಮ್ಮೆ ಗಂಟೆಗಳ ನಂತರವೂ, ಶುಗರ್ ಇಳಿಯಬಹುದು. ಸಕ್ಕರೆಯೋ ಗ್ಲೂಕೋಸೋ ಕೈಗೆ ಸಿಗುವಂತೆ ಇರಲಿ. ಪಾದ ಜೋಮು ಹಿಡಿದಂತಿದ್ದರೆ ಬರಿಗಾಲಿನ ಕುಣಿತ ಬೇಡ. ಗಾಯವಾದರೂ ಗೊತ್ತಾಗುವುದಿಲ್ಲ.

ಎದೆನೋವು, ದವಡೆಗೋ ತೋಳಿಗೋ ಹರಿಯುವ ನೋವು, ಇದ್ದಕ್ಕಿದ್ದಂತೆ ತಲೆ ತಿರುಗಿ ಬೀಳುವಂತಾಗುವುದು, ಇವು ಯಾರಿಗೇ ಬಂದರೂ ಕುಣಿತ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಹೆರಿಗೆ ಆದ್ಮೇಲೆ ಜಿಗಿದ್ರೆ ಮೂತ್ರ ಜಿನುಗುತ್ತೆ. ಹೇಳ್ಕೊಳ್ಳೋಕೂ ಮುಜುಗರ.

ಇದು ತುಂಬ ಹೆಂಗಸರಿಗೆ ಆಗುತ್ತದೆ. ಹೇಳಿಕೊಳ್ಳದೆ ಇರುವುದರಿಂದಲೇ ನನಗೊಬ್ಬಳಿಗೇ ಅನಿಸುವುದು. ಮೂತ್ರಕೋಶ, ಗರ್ಭಕೋಶಗಳಿಗೆ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಸಡಿಲವಾಗಿರುತ್ತವೆ. ಸದ್ಯಕ್ಕೆ ಒಂದು ಪಾದವಾದರೂ ನೆಲದ ಮೇಲೆ ಇರುವಂಥ ಕುಣಿತ ಮಾಡಿ. ಆ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತುಕೊಳ್ಳಿ. ಹೆಚ್ಚಿನವರಿಗೆ ಸುಧಾರಿಸುತ್ತದೆ. ಸಹಿಸಿಕೊಂಡೇ ಇರಬೇಕಾದ ತೊಂದರೆ ಇದಲ್ಲ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಬೀಳ್ತಾರೆ ಅಂತ ಭಯ. ಮರೆವಿಗೂ ಒಳ್ಳೇದು ಅಂತಾರೆ, ನಿಜಾನಾ?

ಬೀಳುವ ಭಯಕ್ಕೆ ಕೂರಿಸಿಬಿಟ್ಟರೆ ಕಾಲಿನ ಬಲ ಹೋಗಿ ಬೀಳುವುದು ಇನ್ನೂ ಹೆಚ್ಚುತ್ತದೆ. ಅಲುಗಾಡದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಅದರ ಬೆನ್ನು ಹಿಡಿದು ಕುಣಿಯಲು ಹೇಳಿ. ನಿಲ್ಲಲು ಆಗದವರು ಕೂತೇ ಕುಣಿಯಬಹುದು. ಹಿಮ್ಮಡಿ ತಟ್ಟುವುದು, ಮಂಡಿ ಎತ್ತುವುದು, ತೋಳು ಬೀಸುವುದು ಎಲ್ಲವೂ ಕುರ್ಚಿಯಲ್ಲೇ ಆಗುತ್ತದೆ, ಅದಕ್ಕೂ ಏದುಸಿರು ಬರುತ್ತದೆ.

ಮರೆವಿನ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವುದು 2003ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ. 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದರು. ದೈಹಿಕ ಚಟುವಟಿಕೆಗಳಲ್ಲಿ ನೃತ್ಯ ಮಾಡುವವರಲ್ಲಿ ಮಾತ್ರ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಆದರೆ ಓದುವವರಲ್ಲಿ, ವಾದ್ಯ ನುಡಿಸುವವರಲ್ಲೂ ಕಡಿಮೆ ಇತ್ತು. ಮೆದುಳು ಚೆನ್ನಾಗಿದ್ದವರೇ ಕುಣಿಯುತ್ತಾ ಬಂದಿರಬಹುದು ಅನ್ನುವ ಸಾಧ್ಯತೆಯೂ ಇದೆ. ಇದಕ್ಕಿಂತ ನನಗೆ ಹೆಚ್ಚು ಭರವಸೆ ಕೊಡುವುದು 2017ರ ಒಂದು ಜರ್ಮನ್ ಅಧ್ಯಯನ. ಹಿರಿಯರ ಒಂದು ಗುಂಪಿಗೆ ಹದಿನೆಂಟು ತಿಂಗಳು ಹೊಸ ಹೊಸ ನೃತ್ಯ ಕಲಿಸಿದರು, ಇನ್ನೊಂದು ಗುಂಪಿಗೆ ಮಾಮೂಲಿ ವ್ಯಾಯಾಮ. ನೆನಪಿಗೆ ಬೇಕಾದ ಮೆದುಳಿನ ಭಾಗ ಎರಡೂ ಗುಂಪಿನಲ್ಲಿ ಬೆಳೆಯಿತು. ಮೈಯ ಸಮತೋಲ ಸುಧಾರಿಸಿದ್ದು ಕುಣಿದ ಗುಂಪಿನಲ್ಲಿ ಮಾತ್ರ. ಆದ್ದರಿಂದ ಅಮ್ಮನಿಗೆ ಗೊತ್ತಿರುವ ಹೆಜ್ಜೆ ಅಷ್ಟೇ ಸಾಲದು, ಆಗಾಗ ಒಂದು ಹೊಸದನ್ನು ಕಲಿಸಿ.

ಪಾರ್ಕಿನ್ಸನ್ ಇದ್ದವರೂ ಕುಣಿಯಬಹುದಾ?

ಕುಣಿಯಬಹುದು. 2001ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ ಇವರಿಗೆಂದೇ ತರಗತಿ ನಡೆಸುತ್ತಿದೆ. ಆ ಮಾದರಿ ಹಲವು ದೇಶಗಳಿಗೆ ಹಬ್ಬಿದೆ. ಈ ಕಾಯಿಲೆಯಲ್ಲಿ ಕಾಲು ನೆಲಕ್ಕೆ ಅಂಟಿದಂತಾಗಿ ಹೆಜ್ಜೆ ಏಳುವುದಿಲ್ಲ. ಹೊರಗಿನಿಂದ ತಾಳ ಕೇಳಿಸಿದಾಗ ಎಷ್ಟೋ ಜನರಿಗೆ ಆ ಹೆಜ್ಜೆ ಎದ್ದುಬಿಡುತ್ತದೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

## ಸ್ವಲ್ಪ ಆಳಕ್ಕೆ ಹೋದವರಿಗೆ

ನೃತ್ಯ ಚಿಕಿತ್ಸೆ ಅಂತಾರಲ್ಲ, ಅದೂ ಇದೂ ಒಂದೇನಾ?

ಬೇರೆ. ಇಲ್ಲಿಯವರೆಗೆ ಹೇಳಿದ್ದು ನಮ್ಮ ಆರೈಕೆ ನಾವೇ ಮಾಡಿಕೊಳ್ಳುವುದು. ನೃತ್ಯ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಚಿಕಿತ್ಸಕರು ಇರುತ್ತಾರೆ. ಮರಿಯನ್ ಚೇಸ್ ಅನ್ನುವ ನರ್ತಕಿ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಈ ಕೆಲಸ ಶುರು ಮಾಡಿದರು. ಮಾತೇ ಆಡದ ರೋಗಿಗಳ ಚಲನೆಯನ್ನು ತನ್ನ ಮೈಯಲ್ಲಿ ತೋರಿಸಿ, ಅದರ ಮೂಲಕ ಅವರ ಜೊತೆ ನಂಟು ಬೆಳೆಸುತ್ತಿದ್ದರು. ಅಮೆರಿಕದ ನೃತ್ಯ ಚಿಕಿತ್ಸಕರ ಸಂಘ 1966ರಲ್ಲಿ ಹುಟ್ಟಿತು. ಯಾರಾದರೂ ತಾವು ಚಿಕಿತ್ಸಕರು ಅಂದರೆ ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದಿರಿ ಅಂತ ಕೇಳಿ. ಒಳ್ಳೆಯ ನೃತ್ಯ ಗುರು ಆಗಿರುವುದು ಬೇರೆ, ಆಘಾತಕ್ಕೆ ಒಳಗಾದವರನ್ನು ನಿಭಾಯಿಸುವುದು ಬೇರೆ.

ತಿರುಗಿದ್ರೆ ತಲೆಸುತ್ತು ಬರುತ್ತೆ. ನೃತ್ಯಗಾರರು ಹೇಗೆ ತಿರುಗ್ತಾರೆ?

ಒಳಗಿವಿಯ ಅರೆವೃತ್ತದ ನಾಳಗಳಲ್ಲಿ ದ್ರವ ಇರುತ್ತದೆ. ನೀವು ನಿಂತ ಮೇಲೂ ಅದು ಸ್ವಲ್ಪ ಹೊತ್ತು ಹರಿಯುತ್ತದೆ. ಇನ್ನೂ ತಿರುಗುತ್ತಿದ್ದೇನೆ ಅಂತ ಮೆದುಳು ತಿಳಿಯುತ್ತದೆ. ನೃತ್ಯಗಾರರು ಎದುರಿನ ಒಂದು ಗುರುತಿನ ಮೇಲೆ ಕಣ್ಣು ನೆಟ್ಟು, ಮೈ ತಿರುಗಿದರೂ ತಲೆಯನ್ನು ಸಾಧ್ಯವಾದಷ್ಟು ಹೊತ್ತು ಅಲ್ಲೇ ಇಟ್ಟು, ಕೊನೆಗೆ ಚಕ್ಕನೆ ತಿರುಗಿಸಿ ಅದೇ ಗುರುತನ್ನು ಮತ್ತೆ ಹಿಡಿಯುತ್ತಾರೆ. ಅರ್ಧ ಸುತ್ತಿನಿಂದ ಶುರು ಮಾಡಿ, ಎರಡೂ ದಿಕ್ಕಿಗೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ತಲೆ ಸುತ್ತಿದರೆ ಅದು ಕಿವಿಯ ತೊಂದರೆ ಇರಬಹುದು, ತೋರಿಸಿ.

ತರಗತಿಗೆ ಸೇರಿದ ಮೇಲೆ ಖುಷಿಯೇ ಹೋಯ್ತು. ಬರೀ ತಪ್ಪು ತಿದ್ದೋದೇ ಆಯ್ತು.

ತಿದ್ದುವುದು ಕಲಿಕೆಗೆ ಬೇಕು. ಆದರೆ ಮೈಯನ್ನು, ತೂಕವನ್ನು, ವಯಸ್ಸನ್ನು ಆಡಿಕೊಳ್ಳುವುದು ತಿದ್ದುವುದಲ್ಲ. ಅಂಥ ಕಡೆ ಒಂದು ದಿನವೂ ಇರಬೇಡಿ. ತರಗತಿ ಒಳ್ಳೆಯದಿದ್ದೂ ಖುಷಿ ಕಡಿಮೆಯಾಗಿದ್ದರೆ, ವಾರದಲ್ಲಿ ಒಂದೆರಡು ದಿನ ಮನೆಯಲ್ಲಿ ಯಾವ ಪಾಠವೂ ಇಲ್ಲದೆ ಕುಣಿಯಿರಿ. ಕಲಿಕೆಯ ಕುಣಿತ, ಆರೈಕೆಯ ಕುಣಿತ ಎರಡೂ ಇರಲಿ, ಒಂದು ಇನ್ನೊಂದನ್ನು ನುಂಗದಿರಲಿ.

ದಿನಾ ಕುಣಿಯದಿದ್ರೆ ಸಮಾಧಾನವೇ ಇರಲ್ಲ. ಇದೂ ಅತಿಯಾಗುತ್ತಾ?

ಆಗುತ್ತದೆ. ಉಳುಕಿದ್ದರೂ ಕುಣಿಯುವುದು, ಜಾಸ್ತಿ ತಿಂದೆ ಅಂತ ಶಿಕ್ಷೆಯಂತೆ ಕುಣಿಯುವುದು, ಒಂದು ದಿನ ಬಿಟ್ಟರೆ ತಪ್ಪಿತಸ್ಥರಂತೆ ಅನಿಸುವುದು, ಊಟ ಕಡಿಮೆ ಮಾಡಿ ಮುಟ್ಟು ನಿಂತುಹೋಗುವುದು, ಇವು ಎಚ್ಚರಿಕೆಯ ಗುರುತು. ಕೊನೆಯದಂತೂ ಮೂಳೆಗೆ ಪೆಟ್ಟು ಕೊಡುತ್ತದೆ, ತಕ್ಷಣ ವೈದ್ಯರನ್ನು ನೋಡಬೇಕು. ವಾರದಲ್ಲಿ ಒಂದೆರಡು ದಿನ ಬೇಕಂತಲೇ ರಜೆ ಇಡಿ. ಆ ರಜೆ ಇಡೋಕೇ ಆಗುತ್ತಿಲ್ಲ ಅಂದರೆ ಯಾರ ಹತ್ತಿರವಾದರೂ ಮಾತಾಡಿ.

ಎರಡು ತಿಂಗಳು ಬಿಟ್ಟುಬಿಟ್ಟೆ. ಮತ್ತೆ ಮೊದಲಿಂದ ಶುರು ಮಾಡ್ಬೇಕಾ?

ಮೊದಲಿಂದ ಅಲ್ಲ, ಅರ್ಧದಿಂದ. ದಮ್ಮು ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಆದರೆ ಕಲಿತ ಹೆಜ್ಜೆಯನ್ನು ಮೈ ಅಷ್ಟು ಬೇಗ ಮರೆಯುವುದಿಲ್ಲ. ಇದರಲ್ಲೊಂದು ಅಪಾಯ ಇದೆ. ಹೆಜ್ಜೆ ನೆನಪಿದೆ ಅಂತ ಹಳೆಯ ವೇಗದಲ್ಲೇ ಶುರು ಮಾಡಿದರೆ ಬಲ ಕಳೆದುಕೊಂಡ ಸ್ನಾಯುವಿಗೆ ಏಟಾಗುತ್ತದೆ. ಮೊದಲು ಎಷ್ಟು ಹೊತ್ತು ಕುಣಿಯುತ್ತಿದ್ದಿರೋ ಅದರ ಅರ್ಧ ಹೊತ್ತು, ಜಿಗಿತ ಇಲ್ಲದೆ, ಎರಡು ವಾರ ಮಾಡಿ. ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಏರಿಸಿ. ಜ್ವರದಿಂದ ಬಿಟ್ಟಿದ್ದರೆ ಪೂರ್ತಿ ವಾಸಿಯಾಗಿ, ಮನೆಯೊಳಗಿನ ಮಾಮೂಲಿ ಓಡಾಟಕ್ಕೆ ಸುಸ್ತಾಗುವುದು ನಿಂತ ಮೇಲಷ್ಟೇ ಹಾಡು ಹಾಕಿ.